ಪೂರ್ಣಾಂಕ, ತೇಲುಬಿಂದು, ಅಕ್ಷರ: ಗಣಕಭಾಷೆಗಳಲ್ಲಿ ಪ್ರಕಾರ ಪರಿವರ್ತನೆಯ ಇತಿಹಾಸ

ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯಲು ಹೊಸದಾಗಿ ತೊಡಗಿದ ವಿದ್ಯಾರ್ಥಿಗೆ ಮೊದಲ ಒಂದೆರಡು ವಾರಗಳಲ್ಲಿಯೇ ಎರಡು ಆಶ್ಚರ್ಯಗಳು ಕಾದಿರುತ್ತವೆ. ಪೈಥಾನ್ ಭಾಷೆಯಲ್ಲಿ ಎರಡು ಸಂಖ್ಯೆಗಳನ್ನು ಕೀಲಿಮಣೆಯಿಂದ ಓದಿಸಿ ಕೂಡಿಸುವ ಮೂರು ಸಾಲುಗಳನ್ನು ಆತನು ಬರೆಯುತ್ತಾನೆ. ೫ ಮತ್ತು ೭ ಎಂದು ಒತ್ತುತ್ತಾನೆ. ೧೨ ಬರುವುದೆಂದು ಕಾದಿದ್ದರೆ ತೆರೆಯ ಮೇಲೆ ೫೭ ಎಂದು ಮೂಡುತ್ತದೆ. ಮುಂದೆ ಸಿ ಭಾಷೆಗೆ ಬಂದು ೭ನ್ನು ೨ರಿಂದ ಭಾಗಿಸಿದರೆ ೩ ಎಂಬ ಉತ್ತರ ದೊರೆಯುತ್ತದೆ. ಮಿಕ್ಕ ಅರ್ಧವು ಎಲ್ಲಿ ಹೋಯಿತೆಂದು ಯಂತ್ರವು ಹೇಳುವುದಿಲ್ಲ. ನಮ್ಮ ವಿಭಾಗದ ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ಇದನ್ನು ಕಾಣುತ್ತೇವೆ. “ಪ್ರಕಾರವನ್ನು ಪರಿವರ್ತಿಸಬೇಕಪ್ಪ, ಮರೆತಿದ್ದೀಯೆ” ಎಂದು ಹೇಳಿ ಮುಂದಿನ ವಿದ್ಯಾರ್ಥಿಯ ಕಡೆಗೆ ಸರಿಯುವುದು ನಮ್ಮ ವಾಡಿಕೆಯೂ ಆಗಿಹೋಗಿದೆ. ಆ ಮಾತು ಸುಳ್ಳಲ್ಲ. ಆದರೆ ತಪ್ಪೆಲ್ಲವೂ ಕಲಿಯುವವನದೇ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಅದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಏಳನ್ನು ಎರಡರಿಂದ ಭಾಗಿಸಿದರೆ ಮೂರು ಎಂಬುದು ಗಣಿತದ ನಿಯಮವಲ್ಲ. ಯಂತ್ರದ ರಚನೆಯಿಂದ ಅನಿವಾರ್ಯವಾಗಿ ಬಂದುದೂ ಅಲ್ಲ. ಇಂಥ ವರ್ಷದಲ್ಲಿ ಇಂಥವರು ಇಂಥ ಕಾರಣಕ್ಕಾಗಿ ಮಾಡಿದ ನಿರ್ಣಯಗಳ ಫಲ ಅದು. ಅವರ ಎದುರಿನಲ್ಲಿಯೇ ಬೇರೆ ಕೆಲವರು ಬೇರೆ ನಿರ್ಣಯವನ್ನು ಮಾಡಿದ್ದುಂಟು. ಈ ನಿರ್ಣಯಗಳ ಹಿಂದೆ ಇರುವ ಪ್ರಶ್ನೆಗಳು ಎರಡೇ. ಒಂದು ಪ್ರಕಾರದ ದತ್ತಾಂಶವನ್ನು ಇನ್ನೊಂದು ಪ್ರಕಾರಕ್ಕೆ ತಿರುಗಿಸುವ ಭಾರವನ್ನು ಯಾರು ಹೊರಬೇಕು, ಬರೆಯುವವನೋ ಯಂತ್ರವೋ? ತಿರುಗಿಸುವಾಗ ಹಿಡಿಸದೆ ಉಳಿದದ್ದನ್ನು ಏನು ಮಾಡಬೇಕು? ಪ್ರಕೃತ ಲೇಖನದಲ್ಲಿ ಈ ಎರಡು ಪ್ರಶ್ನೆಗಳಿಗೆ ಬಂದ ಉತ್ತರಗಳ ಇತಿಹಾಸವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಯಂತ್ರದ ಸ್ಮೃತಿಕೋಶದಲ್ಲಿ ಪ್ರಕಾರವೆಂಬುದೇ ಇಲ್ಲ. ೧೯೫೪ರಲ್ಲಿ ಪ್ರಕಟವಾದ ಐಬಿಎಂ ೭೦೪ ಎಂಬ ಯಂತ್ರವನ್ನು ತೆಗೆದುಕೊಳ್ಳೋಣ. ಅದರ ಒಂದೊಂದು ಕೋಶವೂ ೩೬ ಬಿಟ್‌ಗಳ ಒಂದು ಸಾಲು. ಸೊನ್ನೆ ಮತ್ತು ಒಂದುಗಳ ಸಾಲು, ಅಷ್ಟೆ. ಅದೇ ಸಾಲನ್ನು ಪೂರ್ಣಾಂಕವೆಂದು ಓದಬಹುದು. ಬಿಂದುವು ಎಲ್ಲಿರಬೇಕೆಂಬುದನ್ನು ಸಂಖ್ಯೆಯೊಡನೆಯೇ ಬರೆದಿಟ್ಟುಕೊಂಡ ತೇಲುಬಿಂದು ಸಂಖ್ಯೆ, ಎಂದರೆ ಇಂದಿನ ವಿದ್ಯಾರ್ಥಿಗಳು ಫ್ಲೋಟ್ ಎಂದು ಕರೆಯುವುದು, ಎಂದೂ ಓದಬಹುದು. ಆರಾರು ಬಿಟ್‌ಗಳಂತೆ ಕತ್ತರಿಸಿ ಆರು ಅಕ್ಷರಗಳೆಂದೂ ಓದಬಹುದು. ಓದುವ ರೀತಿಯೇ ಪ್ರಕಾರ. ಆದುದರಿಂದ ಪರಿವರ್ತನೆಯೆಂದರೆ ಹೆಸರು ಬದಲಾಯಿಸುವುದಷ್ಟೇ ಅಲ್ಲ. ಪೂರ್ಣಾಂಕದ ೫ಕ್ಕೂ ತೇಲುಬಿಂದುವಿನ ೫ಕ್ಕೂ ಬಿಟ್‌ಗಳ ವಿನ್ಯಾಸವೇ ಬೇರೆ, ಅಕ್ಷರವಾದ ೫ರದು ಮತ್ತೂ ಬೇರೆ. ಒಂದನ್ನು ಇನ್ನೊಂದಾಗಿ ಮಾಡಲು ನಿಜವಾಗಿ ಲೆಕ್ಕ ಮಾಡಬೇಕಾಗುತ್ತದೆ.

ಈ ಲೆಕ್ಕಗಳಲ್ಲಿ ಅತ್ಯಂತ ಹಳೆಯದು ದಶಮಾನದಿಂದ ದ್ವಿಮಾನಕ್ಕೆ ಮತ್ತು ದ್ವಿಮಾನದಿಂದ ದಶಮಾನಕ್ಕೆ ಮಾಡುವ ಪರಿವರ್ತನೆ. ೧೯೪೬ರಲ್ಲಿ ಸಾರ್ವಜನಿಕರಿಗೆ ತೋರಿಸಲಾದ ಎನಿಯಾಕ್ ಯಂತ್ರವು ದಶಮಾನದಲ್ಲಿಯೇ ಎಣಿಸುತ್ತಿತ್ತು. ಅದಕ್ಕೆ ಈ ತೊಡಕಿರಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ರಿನ್ಸ್‌ಟನ್‌ನಲ್ಲಿ ಬರ್ಕ್ಸ್, ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಎಂಬ ಮೂವರು ಸಿದ್ಧಪಡಿಸಿದ ವರದಿಯು ದ್ವಿಮಾನದ ಪಕ್ಷವನ್ನು ಹಿಡಿಯಿತು. ಮನುಷ್ಯರು ಹತ್ತರ ಲೆಕ್ಕದಲ್ಲಿ ಯೋಚಿಸುತ್ತಾರಲ್ಲ ಎಂಬ ಆಕ್ಷೇಪಕ್ಕೆ ಅವರು ಕೊಟ್ಟ ಸಮಾಧಾನವು ಸರಳವಾದುದು: ತಿರುಗಿಸುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳಬಲ್ಲದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಯಂತ್ರವು ೧೯೪೯ರ ಮೇ ೬ರಂದು ಮೊದಲ ಬಾರಿಗೆ ವರ್ಗಸಂಖ್ಯೆಗಳ ಕೋಷ್ಟಕವನ್ನು ಅಚ್ಚುಮಾಡಿದಾಗ ಆ ಸಮಾಧಾನವು ಕಾರ್ಯರೂಪದಲ್ಲಿ ಕಾಣಿಸಿತು. ಡೇವಿಡ್ ವೀಲರ್ ಅವರು ರಚಿಸಿದ ಅದರ ಆರಂಭಿಕ ಆದೇಶಗಳ ಸಂಖ್ಯೆ ಕೇವಲ ೩೧. ಕಾಗದದ ಪಟ್ಟಿಯ ಮೇಲೆ ದಶಮಾನದಲ್ಲಿ ರಂಧ್ರಗಳಾಗಿ ಬಂದ ವಿಳಾಸಗಳನ್ನು ದ್ವಿಮಾನಕ್ಕೆ ತಿರುಗಿಸುವುದು ಅವುಗಳ ಕೆಲಸಗಳಲ್ಲಿ ಒಂದು. ಇಂದು ವಿದ್ಯಾರ್ಥಿಯು ‘ಇಂಟ್’ ಎಂಬ ಒಂದೇ ಪದದಿಂದ ಮಾಡಿಸಿಕೊಳ್ಳುವ ಕೆಲಸದ ಪೂರ್ವಜ ಇದೇ.

ಆದರೆ ಅದೇ ಪ್ರಿನ್ಸ್‌ಟನ್ ವರದಿಯು ಇನ್ನೊಂದು ವಿಷಯದಲ್ಲಿ ಭಾರವನ್ನು ಯಂತ್ರದ ಮೇಲೆ ಹಾಕಲು ಒಪ್ಪಲಿಲ್ಲ. ಯಂತ್ರದಲ್ಲಿಯೇ ತೇಲುಬಿಂದುವನ್ನು ಅಳವಡಿಸಬಾರದೆಂದು ಅದು ವಾದಿಸಿತು. ಸಂಖ್ಯೆಗಳು ಎಷ್ಟು ದೊಡ್ಡವಾಗಬಹುದು, ಬಿಂದುವನ್ನು ಎಲ್ಲಿಡಬೇಕು ಎಂಬುದನ್ನು ಸಮಸ್ಯೆಯನ್ನು ಬಲ್ಲ ಗಣಿತಜ್ಞನೇ ಮೊದಲು ಯೋಚಿಸಿ ನಿಶ್ಚಯಿಸುವುದು ಮೇಲು. ಇಲ್ಲವಾದರೆ ಬೆಲೆಬಾಳುವ ಸ್ಮೃತಿಸ್ಥಾನವು ವ್ಯರ್ಥವಾಗುತ್ತದೆ ಎಂಬುದು ಅವರ ತರ್ಕ. ಎಂಟೇ ವರ್ಷಗಳಲ್ಲಿ ೭೦೪ ಯಂತ್ರವು ತೇಲುಬಿಂದುವನ್ನು ಹೊತ್ತುಕೊಂಡೇ ಮಾರುಕಟ್ಟೆಗೆ ಬಂದುದರಿಂದ ಆ ವಾದವು ಸೋತಿತೆಂದು ಹೇಳುವುದು ರೂಢಿ. ಪೂರ್ತಿಯಾಗಿ ಸೋಲಲಿಲ್ಲವೆಂದು ನಮಗೆ ತೋರುತ್ತದೆ. ಏಕೆಂಬುದು ಮುಂದೆ ಬರುತ್ತದೆ.

ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ನೇತೃತ್ವದಲ್ಲಿ ೧೯೫೪ರಲ್ಲಿ ಆರಂಭವಾದ ಫೋರ್ಟ್ರಾನ್ ಕಾರ್ಯವು ೧೯೫೭ರ ಏಪ್ರಿಲ್ ತಿಂಗಳಲ್ಲಿ ಬಳಕೆದಾರರ ಕೈಗೆ ಬಂದಿತು. ಅದರಲ್ಲಿ ಸಂಖ್ಯೆಗಳಿಗೆ ಎರಡೇ ಪ್ರಕಾರ: ಪೂರ್ಣಾಂಕ ಮತ್ತು ತೇಲುಬಿಂದು. ಯಾವ ಹೆಸರು ಯಾವ ಪ್ರಕಾರದ್ದೆಂದು ಘೋಷಿಸುವ ಕಟ್ಟಳೆ ಇರಲಿಲ್ಲ. ಹೆಸರಿನ ಮೊದಲ ಅಕ್ಷರವು ಐ ಇಂದ ಎನ್ ವರೆಗಿನ ಆರು ಇಂಗ್ಲಿಷ್ ಅಕ್ಷರಗಳಲ್ಲಿ ಒಂದಾಗಿದ್ದರೆ ಪೂರ್ಣಾಂಕ, ಅಲ್ಲವಾದರೆ ತೇಲುಬಿಂದು. ಗಣಿತದ ಪುಸ್ತಕಗಳಲ್ಲಿ ಶ್ರೇಣಿಯ ಕ್ರಮಾಂಕವನ್ನು ಐ, ಜೆ, ಕೆ, ಎನ್ ಎಂದು ಬರೆಯುವ ಅಭ್ಯಾಸವೇ ಇಲ್ಲಿ ಶಾಸನವಾಯಿತು. ಪೂರ್ಣಾಂಕಗಳ ಮುಖ್ಯ ಉದ್ಯೋಗವೂ ಅದೇ ಆಗಿತ್ತು: ಎಣಿಸುವುದು ಮತ್ತು ಕೋಷ್ಟಕದಲ್ಲಿ ಎಷ್ಟನೆಯದೆಂದು ಸೂಚಿಸುವುದು. ಅವುಗಳ ಪರಿಮಾಣವು ೩೨೭೬೮ಕ್ಕಿಂತ ಕಡಮೆಯಿರಬೇಕೆಂಬ ಮಿತಿಯೂ ಇತ್ತು. ಎಣಿಕೆಯಲ್ಲಿ ಅರ್ಧಕ್ಕೆ ಸ್ಥಾನವಿಲ್ಲ. ಮೂರೂವರೆಯನೆಯ ಸಾಲು ಎಂಬುದಿಲ್ಲ. ಆದಕಾರಣ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷವನ್ನು ಬಿಟ್ಟು ಭಾಗಲಬ್ಧವನ್ನು ಮಾತ್ರ ಇಟ್ಟುಕೊಳ್ಳುವುದೆಂದು ನಿಶ್ಚಯವಾಯಿತು. ೭/೨ ಎಂದರೆ ೩. ನಮ್ಮ ವಿದ್ಯಾರ್ಥಿಯ ಕಳೆದುಹೋದ ಅರ್ಧವನ್ನು ಹುಡುಕುತ್ತ ಹೋದರೆ ನಾವು ತಲಪುವ ಸ್ಥಳ ಇದು.

ಇದು ಅವಿವೇಕದ ನಿರ್ಣಯವೇನಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿಯೂ ಏಳನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧ ೩, ಶೇಷ ೧ ಎಂದೇ ಮೊದಲು ಕಲಿಸುತ್ತಾರೆ. ಒಂದೆರಡು ವರ್ಷಗಳ ಮೇಲೆ ಅದೇ ಮಗು ೩.೫ ಎಂದು ಬರೆದರೂ ಗುರುಗಳು ಸರಿಯೆನ್ನುತ್ತಾರೆ. ಎರಡೂ ಸರಿ. ಆದರೆ ಶಾಲೆಯಲ್ಲಿ ಶೇಷವನ್ನು ಬರೆದು ತೋರಿಸುವ ನಿಯಮವಿದೆ. ಫೋರ್ಟ್ರಾನ್‌ನಲ್ಲಿ ಅದು ಸದ್ದಿಲ್ಲದೆ ಬಿದ್ದುಹೋಗುತ್ತಿತ್ತು. ಉತ್ತರವನ್ನು ತೇಲುಬಿಂದು ಹೆಸರಿಗೆ ಕೊಟ್ಟರೂ ಪ್ರಯೋಜನವಿರಲಿಲ್ಲ; ಭಾಗಾಕಾರವು ಮುಗಿದ ಮೇಲೆ ಪರಿವರ್ತನೆ ನಡೆಯುವುದರಿಂದ ೩.೦ ಎಂಬುದಷ್ಟೇ ಸಿಕ್ಕುತ್ತಿತ್ತು. ಇಂದಿನ ಸಿ ಭಾಷೆಯಲ್ಲಿಯೂ ಹೊಸಬರು ಎಡವುವುದು ಈ ಸ್ಥಳದಲ್ಲಿಯೇ.

ಮೊದಲ ಫೋರ್ಟ್ರಾನ್‌ನ ಕರ್ತರು ಇನ್ನೊಂದು ಕಡೆ ಬಿಗಿಯಾಗಿದ್ದರು. ಒಂದೇ ಸಮೀಕರಣದ ಬಲಭಾಗದಲ್ಲಿ ಪೂರ್ಣಾಂಕವನ್ನೂ ತೇಲುಬಿಂದುವನ್ನೂ ಬೆರೆಸಿ ಕೂಡಿಸುವುದು, ಗುಣಿಸುವುದು ನಿಷಿದ್ಧವಾಗಿತ್ತು. ಬಲಭಾಗವೆಲ್ಲ ಒಂದು ಪ್ರಕಾರದ್ದಾಗಿರಬೇಕು. ಘಾತಸೂಚಿಯಂಥ ಕೆಲವು ಸ್ಥಾನಗಳಿಗೆ ಮಾತ್ರ ವಿನಾಯಿತಿ. ಸಮಚಿಹ್ನೆಯನ್ನು ದಾಟುವಾಗ ಮಾತ್ರ ಪರಿವರ್ತನೆಗೆ ಅವಕಾಶ. ಪೂರ್ಣಾಂಕವು ತೇಲುಬಿಂದು ಹೆಸರಿಗೆ ಹೋದರೆ ರೂಪ ಬದಲಾಗುತ್ತಿತ್ತು; ತೇಲುಬಿಂದುವು ಪೂರ್ಣಾಂಕದ ಹೆಸರಿಗೆ ಹೋದರೆ ಬಿಂದುವಿನ ಮುಂದಿನದನ್ನು ಕತ್ತರಿಸಲಾಗುತ್ತಿತ್ತು, ೨.೭ ಎಂಬುದು ೨ ಆಗುತ್ತಿತ್ತು. ೧೯೬೬ರ ಅಮೆರಿಕದ ಪ್ರಮಾಣಿತ ಫೋರ್ಟ್ರಾನ್ ಕೂಡ ಬೆರಕೆಯನ್ನು ಒಪ್ಪಲಿಲ್ಲ. ‘ಫ್ಲೋಟ್’ ಮತ್ತು ‘ಐಫಿಕ್ಸ್’ ಎಂಬ ಕಾರ್ಯಗಳನ್ನು ಬರೆಯುವವನೇ ಹೆಸರಿಸಿ ಕರೆಯಬೇಕಾಗಿತ್ತು. ಪ್ರಮಾಣಭಾಷೆಯಲ್ಲಿ ನಿಷೇಧವು ಸಡಿಲವಾದುದು ಫೋರ್ಟ್ರಾನ್ ೭೭ರಲ್ಲಿ.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಫೋರ್ಟ್ರಾನ್ ಬಳಕೆಗೆ ಬಂದ ೧೯೫೭ರ ಏಪ್ರಿಲ್ ತಿಂಗಳ ಮೊದಲನೆಯ ದಿನದಂದೇ ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿಯು ಜಾರಿಗೆ ಬಂದಿತು. ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಒಂದು ಆಣೆಗೆ ೬.೨೫ ನಯಾಪೈಸೆ, ಆದರೆ ಕಾಲು ನಯಾಪೈಸೆಯ ನಾಣ್ಯವಿಲ್ಲ. ಒಂದಾಣೆಯ ಪದಾರ್ಥವನ್ನು ನಾಲ್ಕು ಸಲ ಬೇರೆಬೇರೆಯಾಗಿ ಕೊಂಡು ಸಲಕ್ಕೆ ಆರಾರು ನಯಾಪೈಸೆ ಕೊಟ್ಟವನು ೨೪ ಕೊಟ್ಟಂತಾಯಿತು. ಒಮ್ಮೆಗೇ ನಾಲ್ಕಾಣೆಯದನ್ನು ಕೊಂಡವನು ೨೫ ಕೊಡಬೇಕಾಯಿತು. ಮೊದಲು ಕೂಡಿಸಿ ಆಮೇಲೆ ತಿರುಗಿಸುವುದಕ್ಕೂ, ಮೊದಲು ತಿರುಗಿಸಿ ಆಮೇಲೆ ಕೂಡಿಸುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಅಂಗಡಿಯ ಗಲ್ಲೆಯ ಮುಂದೆ ಕುಳಿತವರು ಯಾವ ಗಣಕಭಾಷೆಯ ನೆರವೂ ಇಲ್ಲದೆ ಅರಿಯಬಹುದಾಗಿತ್ತು.

ಫೋರ್ಟ್ರಾನ್‌ಗೆ ಎದುರಾಗಿ ನಿಂತ ಉತ್ತರವು ಯೂರೋಪಿನಿಂದ ಬಂದಿತು. ೧೯೬೦ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಹದಿಮೂರು ಮಂದಿಯ ಸಮಿತಿಯು ಆಲ್ಗಾಲ್ ೬೦ ಎಂಬ ಭಾಷೆಯನ್ನು ರೂಪಿಸಿತು. ಪೀಟರ್ ನೌರ್ ಅವರು ಅದರ ವರದಿಯನ್ನು ಸಂಪಾದಿಸಿದರು. ಆಲ್ಗಾಲ್‌ನಲ್ಲಿ ಪ್ರತಿಯೊಂದು ಹೆಸರಿನ ಪ್ರಕಾರವನ್ನೂ ಮೊದಲೇ ಘೋಷಿಸಬೇಕು. ಅಕ್ಷರವನ್ನು ನೋಡಿ ಊಹಿಸುವ ಪದ್ಧತಿ ಇಲ್ಲ. ನಮಗೆ ಮುಖ್ಯವಾದುದು ಇನ್ನೆರಡು ಅಂಶಗಳು. ಭಾಗಾಕಾರಕ್ಕೆ ಎರಡು ಚಿಹ್ನೆಗಳನ್ನು ಇಟ್ಟರು. ಓರೆಗೆರೆಯಿಂದ ಭಾಗಿಸಿದರೆ ಉತ್ತರವು ಯಾವಾಗಲೂ ವಾಸ್ತವ ಸಂಖ್ಯೆ: ೭/೨ ಎಂದರೆ ೩.೫. ಪೂರ್ಣಾಂಕದ ಭಾಗಲಬ್ಧವು ಬೇಕೆನ್ನುವವನು ೭÷೨ ಎಂದು ಬೇರೆ ಚಿಹ್ನೆಯಿಂದ ಬರೆಯಬೇಕು, ಆಗ ೩. ಶೇಷವನ್ನು ಬಿಡುವುದು ಬರೆಯುವವನ ಇಚ್ಛೆಯಾಯಿತೇ ಹೊರತು ಯಂತ್ರದ ಅಭ್ಯಾಸವಾಗಲಿಲ್ಲ. ಎರಡನೆಯದಾಗಿ, ವಾಸ್ತವ ಸಂಖ್ಯೆಯನ್ನು ಪೂರ್ಣಾಂಕದ ಹೆಸರಿಗೆ ಕೊಟ್ಟಾಗ ಕತ್ತರಿಸದೆ ಅರ್ಧವನ್ನು ಕೂಡಿಸಿ ಕೆಳಗಿನ ಪೂರ್ಣಾಂಕವನ್ನು ತೆಗೆದುಕೊಳ್ಳಬೇಕೆಂದು ವಿಧಿಸಿದರು. ಎಂದರೆ ಸಮೀಪದ ಪೂರ್ಣಾಂಕ. ೨.೭ ಎಂಬುದು ಅಲ್ಲಿ ೩. ಇಂಥ ಪರಿವರ್ತನೆಗಳನ್ನು ಆ ವರದಿಯು ವರ್ಗಾವಣೆಯ ಕಾರ್ಯಗಳೆಂದು ಕರೆಯಿತು. ವಿಷಯಕ್ಕೆ ಒಂದು ಹೆಸರು ಬಂದುದೇ ಒಂದು ಲಾಭ.

ಒಂದೇ ೨.೭ ಒಂದು ಭಾಷೆಯಲ್ಲಿ ೨ ಆಗಿ, ಇನ್ನೊಂದರಲ್ಲಿ ೩ ಆಗುವುದು ಕ್ಷುಲ್ಲಕ ವಿಷಯವೆಂದು ಯಾರಿಗಾದರೂ ತೋರಿದರೆ ಕೆನಡದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಉದಾಹರಣೆಯನ್ನು ನೋಡಬಹುದು. ಅಲ್ಲಿ ೧೯೮೨ರ ಜನವರಿಯಲ್ಲಿ ೧೦೦೦ ಎಂದು ಆರಂಭಿಸಿದ ಸೂಚ್ಯಂಕವನ್ನು ಪ್ರತಿಯೊಂದು ವ್ಯವಹಾರವಾದ ಮೇಲೂ ಮತ್ತೆ ಗಣಿಸಿ, ಬಿಂದುವಿನ ಮುಂದೆ ಮೂರು ಸ್ಥಾನಗಳನ್ನಿಟ್ಟುಕೊಂಡು ಮಿಕ್ಕುದನ್ನು ಕತ್ತರಿಸಲಾಗುತ್ತಿತ್ತು. ಸಮೀಪಕ್ಕೆ ಹೊಂದಿಸಿದ್ದರೆ ಏರಿಳಿತಗಳು ಒಂದನ್ನೊಂದು ತೂಗಿಸುತ್ತಿದ್ದವು. ಕತ್ತರಿಸಿದ್ದರಿಂದ ಪ್ರತಿಸಲವೂ ನಷ್ಟವು ಒಂದೇ ದಿಕ್ಕಿನಲ್ಲಿ ಸೇರುತ್ತ ಹೋಯಿತು. ಇಪ್ಪತ್ತೆರಡು ತಿಂಗಳುಗಳ ತರುವಾಯ ಸೂಚ್ಯಂಕವು ೫೨೪.೮೧೧ಕ್ಕೆ ಇಳಿದಿತ್ತು. ಸರಿಯಾಗಿ ಗಣಿಸಿದಾಗ ಬಂದುದು ೧೦೯೮.೮೯೨. ಷೇರುಗಳ ಬೆಲೆ ಅರ್ಧಕ್ಕೆ ಕುಸಿದಿರಲಿಲ್ಲ. ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕ ಚೂರುಗಳು ಬಿದ್ದುಹೋಗಿದ್ದವು, ಅಷ್ಟೆ.

೧೯೬೦ರ ದಶಕದ ಮಧ್ಯದಲ್ಲಿ ಐಬಿಎಂ ಮತ್ತು ಅದರ ಬಳಕೆದಾರರ ಷೇರ್ ಎಂಬ ಸಂಘವು ಕೂಡಿ ರೂಪಿಸಿದ ಪಿಎಲ್/ಒಂದು ಭಾಷೆಯು ಭಾರವನ್ನೆಲ್ಲ ಯಂತ್ರವೇ ಹೊರಲಿ ಎಂಬ ಉದಾರಬುದ್ಧಿಯಿಂದ ಹೊರಟಿತು. ಅದರಲ್ಲಿ ಹೆಚ್ಚುಕಡಮೆ ಯಾವುದನ್ನು ಬೇಕಾದರೂ ಯಾವುದರೊಡನೆ ಬೇಕಾದರೂ ಬೆರೆಸಬಹುದಾಗಿತ್ತು. ಅಕ್ಷರಗಳ ಸಾಲನ್ನು ಸಂಖ್ಯೆಗೆ ಕೂಡಿಸಿದರೂ ಯಂತ್ರವು ತಾನೇ ತಿರುಗಿಸಿಕೊಳ್ಳುತ್ತಿತ್ತು. ಉದಾರತೆಗೆ ನಿಯಮಗಳು ಬೇಕು, ನಿಯಮಗಳು ಬಹಳವಾದವು. ೨೫ಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸುವ ಲೆಕ್ಕವು ಅದರಲ್ಲಿ ಕುಪ್ರಸಿದ್ಧವಾಯಿತು. ೧/೩ ಎಂಬುದಕ್ಕೆ ಬಿಂದುವಿನ ಮುಂದೆ ಆದಷ್ಟೂ ಸ್ಥಾನಗಳನ್ನು ಯಂತ್ರವು ಧಾರಾಳವಾಗಿ ಕೊಟ್ಟುಬಿಡುತ್ತಿತ್ತು. ಆಗ ಬಿಂದುವಿನ ಹಿಂದೆ ಉಳಿಯುವುದು ಒಂದೇ ಸ್ಥಾನ. ಅದರಲ್ಲಿ ೨೫ ಹಿಡಿಸುವುದಿಲ್ಲ. ಮಿತಿಮೀರಿದಾಗ ಎಚ್ಚರಿಸುವ ಏರ್ಪಾಡನ್ನು ಮುಚ್ಚಿಟ್ಟಿದ್ದರೆ ಹತ್ತರ ಸ್ಥಾನದ ೨ ಬಿದ್ದುಹೋಗಿ ಉತ್ತರವು ೫.೩೩೩ ಎಂದು ಬರುತ್ತಿತ್ತು. ಸಹಾಯ ಮಾಡುವ ಯಂತ್ರವು ಏನನ್ನು ಊಹಿಸಿತೆಂಬುದನ್ನು ತಿಳಿಯಲು ನೂರಾರು ಪುಟಗಳ ಕೈಪಿಡಿಯನ್ನು ಓದಬೇಕಾದರೆ ಆ ಸಹಾಯದ ಬೆಲೆಯನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ಸ್ವಿಟ್ಸರ್ಲೆಂಡಿನ ನಿಕ್ಲೌಸ್ ವಿರ್ತ್ ಅವರು ಬೋಧನೆಗಾಗಿಯೇ ರಚಿಸಿ ೧೯೭೦ರಲ್ಲಿ ಹೊರತಂದ ಪಾಸ್ಕಲ್ ಭಾಷೆಯು ಮತ್ತೆ ಆಲ್ಗಾಲ್‌ನ ದಾರಿಯನ್ನು ಹಿಡಿಯಿತು. ಪೂರ್ಣಾಂಕವು ವಾಸ್ತವ ಸಂಖ್ಯೆಯಾಗುವುದಕ್ಕೆ ಅಡ್ಡಿಯಿಲ್ಲ, ಹಿಂದಿರುಗುವುದಕ್ಕೆ ಮಾತ್ರ ಕತ್ತರಿಸಬೇಕೋ ಸಮೀಪಕ್ಕೆ ಹೊಂದಿಸಬೇಕೋ ಎಂಬುದನ್ನು ‘ಟ್ರಂಕ್’ ಅಥವಾ ‘ರೌಂಡ್’ ಎಂದು ಬರೆದು ಹೇಳಲೇಬೇಕು. ಅಕ್ಷರಕ್ಕೂ ಸಂಖ್ಯೆಗೂ ನಡುವೆ ‘ಆರ್ಡ್’ ಮತ್ತು ‘ಸಿಎಚ್‌ಆರ್’ ಎಂಬ ಎರಡು ಬಾಗಿಲುಗಳು. ಹೊಸಬನಿಗೆ ಇದಕ್ಕಿಂತ ಪ್ರಾಮಾಣಿಕವಾದ ಏರ್ಪಾಡನ್ನು ನಾವು ಕಂಡಿಲ್ಲ.

ಆದರೆ ಗೆದ್ದುದು ಬೇರೊಂದು ವಂಶ. ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್, ಅದರಿಂದ ಕೆನ್ ಥಾಂಪ್ಸನ್ ಅವರು ಬೆಲ್ ಪ್ರಯೋಗಶಾಲೆಯಲ್ಲಿ ಮಾಡಿದ ಬಿ, ಇವೆರಡರಲ್ಲಿಯೂ ಪ್ರಕಾರವೆಂಬುದೇ ಇರಲಿಲ್ಲ. ಯಂತ್ರದ ಕೋಶವೊಂದೇ ಸತ್ಯ. ಡೆನ್ನಿಸ್ ರಿಚಿ ಅವರು ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಸಿ ಭಾಷೆಯಾಗಿ ಬೆಳೆಸಿದಾಗ ಪ್ರಕಾರಗಳನ್ನು ತಂದರು. ಕಾರಣ ತತ್ತ್ವವಲ್ಲ, ಯಂತ್ರ. ಪಿಡಿಪಿ-೧೧ ಯಂತ್ರವು ಒಂದೊಂದು ಬೈಟಿಗೂ ಬೇರೆ ವಿಳಾಸವನ್ನು ಕೊಡುತ್ತಿದ್ದುದರಿಂದ ಅಕ್ಷರಕ್ಕೂ ಪೂರ್ಣಾಂಕಕ್ಕೂ ಅಳತೆಯಲ್ಲಿ ಭೇದಮಾಡಬೇಕಾಯಿತು. ಆದುದರಿಂದಲೇ ಸಿ ಭಾಷೆಯಲ್ಲಿ ಅಕ್ಷರವೆಂಬುದು ಚಿಕ್ಕ ಅಳತೆಯ ಪೂರ್ಣಾಂಕವೇ. ಅಂಕಿಯ ಅಕ್ಷರದಿಂದ ಸೊನ್ನೆಯ ಅಕ್ಷರವನ್ನು ಕಳೆದರೆ ಅಂಕಿಯ ಬೆಲೆ ಬರುತ್ತದೆ. ೧೯೬೩ರ ಆಸ್ಕಿ ಸಂಕೇತಾವಳಿಯಲ್ಲಿ ಸೊನ್ನೆಯ ಸ್ಥಾನ ೪೮, ಐದರದು ೫೩, ಕಳೆದರೆ ೫. ಈ ಉಪಾಯದ ಚೆಲುವನ್ನು ನಾವು ಅಲ್ಲಗಳೆಯುವುದಿಲ್ಲ. ಭಾಗಾಕಾರದಲ್ಲಿ ಮಾತ್ರ ಸಿ ಭಾಷೆಯು ಫೋರ್ಟ್ರಾನ್‌ನ ಪಕ್ಷ. ಒಂದೇ ಚಿಹ್ನೆ, ಶೇಷಕ್ಕೆ ವಿಸರ್ಜನೆ. ಕರ್ನಿಹನ್ ಮತ್ತು ರಿಚಿ ಅವರು ೧೯೭೮ರಲ್ಲಿ ಬರೆದ ಪಠ್ಯಪುಸ್ತಕವು ಮೊದಲ ಅಧ್ಯಾಯದಲ್ಲಿಯೇ ಫ್ಯಾರನ್‌ಹೀಟ್ ಉಷ್ಣತೆಯನ್ನು ಸೆಲ್ಸಿಯಸ್‌ಗೆ ತಿರುಗಿಸುವಾಗ ಈ ಗುಂಡಿಯನ್ನು ತೋರಿಸಿ ಎಚ್ಚರಿಸುತ್ತದೆ: ೫/೯ರಿಂದ ಗುಣಿಸಿದರೆ ಆ ಭಾಗಾಕಾರವು ಸೊನ್ನೆಯಾಗಿ ಉಷ್ಣತೆಗಳೆಲ್ಲವೂ ಸೊನ್ನೆಯಾಗುತ್ತವೆ. ಪಠ್ಯಪುಸ್ತಕದ ಮೊದಲ ಅಧ್ಯಾಯಕ್ಕೇ ಬೇಕಾದ ಎಚ್ಚರಿಕೆಯನ್ನು ಮರೆತ ವಿದ್ಯಾರ್ಥಿಯನ್ನು ದಡ್ಡನೆನ್ನುವುದು ಹೇಗೆ? ಋಣಸಂಖ್ಯೆಗಳ ಭಾಗಾಕಾರದಲ್ಲಂತೂ ಯಾವ ಕಡೆಗೆ ಕತ್ತರಿಸಬೇಕೆಂಬುದನ್ನು ೧೯೮೯ರ ಪ್ರಮಾಣವೂ ಆಯಾ ಯಂತ್ರಕ್ಕೇ ಬಿಟ್ಟಿತ್ತು. ಸೊನ್ನೆಯ ಕಡೆಗೆ ಎಂದು ಗೊತ್ತಾದುದು ೧೯೯೯ರಲ್ಲಿ.

ಸದ್ದಿಲ್ಲದ ಪರಿವರ್ತನೆಯನ್ನು ಪೂರ್ತಿಯಾಗಿ ತಡೆದರೆ ಅಪಾಯ ತಪ್ಪುವುದೇ? ಇದನ್ನು ನಂಬಿ ನಡೆದ ಪ್ರಯತ್ನವೇ ಅಮೆರಿಕದ ರಕ್ಷಣಾ ಇಲಾಖೆಗಾಗಿ ಜಾನ್ ಇಷ್ಬಿಯಾ ಅವರ ತಂಡವು ರೂಪಿಸಿದ, ೧೯೮೩ರಲ್ಲಿ ಪ್ರಮಾಣಿತವಾದ ಏಡಾ ಭಾಷೆ. ಅದರಲ್ಲಿ ಒಂದು ಸಂಖ್ಯಾಪ್ರಕಾರವು ಇನ್ನೊಂದಾಗಬೇಕಾದರೆ ಬರೆದೇ ಹೇಳಬೇಕು. ಹೇಳಿದ ಮೇಲೂ ಫಲವು ಮಿತಿಯೊಳಗೆ ಇದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಇಲ್ಲವಾದರೆ ಅಪವಾದಸ್ಥಿತಿಯ ಘೋಷಣೆಯಾಗುತ್ತದೆ. ಇದಕ್ಕಿಂತ ಬಿಗಿ ಇನ್ನೇನು ಬೇಕು? ಆದರೂ ಪ್ರಕಾರ ಪರಿವರ್ತನೆಯ ಇತಿಹಾಸದ ಅತ್ಯಂತ ಪ್ರಸಿದ್ಧ ಅನಾಹುತವು ಏಡಾ ಭಾಷೆಯ ಪ್ರೋಗ್ರಾಮಿನಲ್ಲಿಯೇ ನಡೆಯಿತು.

೧೯೯೬ರ ಜೂನ್ ೪ರಂದು ಫ್ರೆಂಚ್ ಗಯಾನಾದ ಕೂರು ನೆಲೆಯಿಂದ ಯೂರೋಪಿನ ಏರಿಯಾನ್ ೫ ರಾಕೆಟ್ ಮೊದಲ ಬಾರಿಗೆ ಏರಿತು. ಎಂಜಿನ್ನು ಹೊತ್ತಿಕೊಂಡು ಸುಮಾರು ೩೭ ಸೆಕೆಂಡುಗಳಲ್ಲಿ ಅದರ ದಿಕ್ಸೂಚಕ ವ್ಯವಸ್ಥೆಯು ನಿಂತುಹೋಯಿತು. ಆ ವ್ಯವಸ್ಥೆಯನ್ನು ಏರಿಯಾನ್ ೪ರಿಂದ ಇದ್ದಂತೆಯೇ ತೆಗೆದುಕೊಳ್ಳಲಾಗಿತ್ತು. ಅದರ ಪ್ರೋಗ್ರಾಮಿನಲ್ಲಿ ಸಮತಲ ವೇಗಕ್ಕೆ ಸಂಬಂಧಿಸಿದ ಒಂದು ೬೪ ಬಿಟ್‌ಗಳ ತೇಲುಬಿಂದು ಸಂಖ್ಯೆಯನ್ನು ೧೬ ಬಿಟ್‌ಗಳ ಪೂರ್ಣಾಂಕವಾಗಿ ತಿರುಗಿಸುವ ಆದೇಶವಿತ್ತು. ಹದಿನಾರು ಬಿಟ್‌ಗಳಲ್ಲಿ ಚಿಹ್ನೆಗೊಂದು ಹೋದರೆ ಹಿಡಿಸುವ ಅತಿದೊಡ್ಡ ಸಂಖ್ಯೆ ೩೨೭೬೭. ನಲವತ್ತು ವರ್ಷಗಳ ಹಿಂದೆ ಮೊದಲ ಫೋರ್ಟ್ರಾನ್‌ನ ಪೂರ್ಣಾಂಕಗಳಿಗಿದ್ದ ಮಿತಿಯೇ ಅದು. ಏರಿಯಾನ್ ೪ರಲ್ಲಿ ಆ ಬೆಲೆಯು ಮಿತಿಯನ್ನು ಮೀರುವ ಸಂಭವವಿರಲಿಲ್ಲ. ಏರಿಯಾನ್ ೫ರ ಆರಂಭದ ಪಥವು ಬೇರೆ, ಸಮತಲ ವೇಗವು ಬಹಳ ಹೆಚ್ಚು. ಸಂಖ್ಯೆ ಹಿಡಿಸಲಿಲ್ಲ. ಭಾಷೆಯು ತನ್ನ ಕರ್ತವ್ಯದಂತೆ ಎಚ್ಚರಿಸಿತು. ಎಚ್ಚರಿಕೆಯನ್ನು ಕೇಳಿ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ; ಅಪವಾದವುಂಟಾದರೆ ಗಣಕವನ್ನೇ ನಿಲ್ಲಿಸುವುದೆಂಬ ಸಾಮಾನ್ಯ ನಿಯಮವಿತ್ತು. ಬದಲಿಯಾಗಿ ಇಟ್ಟಿದ್ದ ಎರಡನೆಯ ಗಣಕದಲ್ಲಿಯೂ ಅದೇ ಪ್ರೋಗ್ರಾಮು ಇದ್ದುದರಿಂದ ಅದು ೭೨ ಮಿಲಿಸೆಕೆಂಡುಗಳ ಮೊದಲೇ ಅದೇ ಕಾರಣಕ್ಕೆ ನಿಂತಿತ್ತು.

ಆ ಆದೇಶಕ್ಕೆ ರಕ್ಷಣೆ ಏಕಿರಲಿಲ್ಲ? ಜಾಕ್-ಲೂಯಿ ಲಿಯೋನ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಳಿಯು ಅದೇ ಜುಲೈ ತಿಂಗಳಲ್ಲಿ ಕೊಟ್ಟ ವರದಿಯು ಇದನ್ನು ವಿವರಿಸುತ್ತದೆ. ಮಿತಿಮೀರುವ ಸಂಭವವಿದ್ದ ಬೆಲೆಗಳು ಏಳೆಂದು ಹಿಂದೆಯೇ ಗುರುತಿಸಲಾಗಿತ್ತು. ಗಣಕದ ಕೆಲಸದ ಹೊರೆಯು ಶೇಕಡ ೮೦ನ್ನು ಮೀರಬಾರದೆಂಬ ಗುರಿಯಿದ್ದುದರಿಂದ ನಾಲ್ಕಕ್ಕೆ ರಕ್ಷಣೆಯನ್ನು ಕೊಟ್ಟು ಮೂರನ್ನು, ಅವು ಭೌತಿಕವಾಗಿ ಮಿತಿಯೊಳಗೇ ಇರುವುವೆಂದೋ ಸಾಕಷ್ಟು ಅಂತರವಿದೆಯೆಂದೋ ತರ್ಕಿಸಿ, ಹಾಗೆಯೇ ಬಿಡಲಾಗಿತ್ತು. ಆ ತರ್ಕವು ಏರಿಯಾನ್ ೪ರ ಮಟ್ಟಿಗೆ ಸರಿಯಾಗಿತ್ತು. ದುಃಖದ ಸಂಗತಿಯೆಂದರೆ ಆ ಲೆಕ್ಕವು ರಾಕೆಟ್ ನೆಲದ ಮೇಲಿರುವಾಗ ಮಾತ್ರ ಬೇಕಾದುದು. ಏರಿಯಾನ್ ೫ ಮೇಲೆದ್ದ ಬಳಿಕ ಅದಕ್ಕೆ ಯಾವ ಉಪಯೋಗವೂ ಇರಲಿಲ್ಲ. ಹಿಂದಿನ ರಾಕೆಟ್ಟಿನ ಅಗತ್ಯಕ್ಕಾಗಿ ಹಾರಾಟದ ಮೊದಲ ಸುಮಾರು ೪೦ ಸೆಕೆಂಡು ಅದು ನಡೆಯುತ್ತಿತ್ತು. ಮುಂದಿನ ಅಂಕವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ನಿಂತುಹೋದ ದಿಕ್ಸೂಚಕವು ತನ್ನ ದೋಷದ ವಿವರವನ್ನು ಬಿಟ್ಟುಗಳ ರೂಪದಲ್ಲಿ ಹೊರಗೆ ಕಳುಹಿಸಿತು. ಮುಖ್ಯ ಗಣಕವು ಅದನ್ನು ಹಾರಾಟದ ದತ್ತಾಂಶವೆಂದು ಓದಿತು. ಓದುವ ರೀತಿಯೇ ಪ್ರಕಾರವೆಂದು ಮೇಲೆ ಹೇಳಿದೆವಷ್ಟೆ. ಇಲ್ಲದ ಓಲುವಿಕೆಯನ್ನು ಸರಿಪಡಿಸಲು ನಳಿಕೆಗಳು ಪೂರ್ತಿ ತಿರುಗಿದವು, ಗಾಳಿಯ ಹೊಡೆತಕ್ಕೆ ರಾಕೆಟ್ ಮುರಿಯತೊಡಗಿತು, ತನ್ನನ್ನು ತಾನೇ ಸಿಡಿಸಿಕೊಂಡಿತು. ಅದರಲ್ಲಿದ್ದ ಕ್ಲಸ್ಟರ್ ಯೋಜನೆಯ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು.

ಸ್ಪಷ್ಟವಾಗಿ ಬರೆದ ಪರಿವರ್ತನೆಯೇ ಸಾಲದೆಂಬುದು ಇಲ್ಲಿ ಸಿದ್ಧವಾಯಿತು. ಈ ಸಂಖ್ಯೆ ಎಷ್ಟು ದೊಡ್ಡದಾಗಬಹುದೆಂಬುದನ್ನು ಸಮಸ್ಯೆಯನ್ನು ಬಲ್ಲವನು ಮೊದಲೇ ಯೋಚಿಸಬೇಕೆಂದು ೧೯೪೬ರಲ್ಲಿ ಪ್ರಿನ್ಸ್‌ಟನ್ನಿನ ಮೂವರು ಹೇಳಿದ್ದ ಮಾತು ಪೂರ್ತಿಯಾಗಿ ಸೋಲಲಿಲ್ಲವೆಂದು ನಾವು ಬರೆದುದು ಈ ಕಾರಣದಿಂದ.

ಇನ್ನು ಇಂದಿನ ವಿದ್ಯಾರ್ಥಿಯ ಭಾಷೆಗೆ ಬರೋಣ. ಗುಯಿಡೋ ವಾನ್ ರಾಸಮ್ ಅವರು ೧೯೯೧ರಲ್ಲಿ ಹೊರತಂದ ಪೈಥಾನ್ ಮೊದಲಿಗೆ ಸಿ ಭಾಷೆಯಂತೆಯೇ ಪೂರ್ಣಾಂಕಗಳ ಭಾಗಾಕಾರದಲ್ಲಿ ಪೂರ್ಣಾಂಕವನ್ನೇ ಕೊಡುತ್ತಿತ್ತು. ೨೦೦೧ರ ಮಾರ್ಚ್ ತಿಂಗಳಲ್ಲಿ ಮೋಷೆ ಜಡ್ಕಾ ಅವರೊಡನೆ ಸೇರಿ ಅವರು ಇದನ್ನು ಬದಲಾಯಿಸುವ ಪ್ರಸ್ತಾವವನ್ನು ಮುಂದಿಟ್ಟರು: ಒಂದು ಓರೆಗೆರೆಗೆ ನಿಜವಾದ ಭಾಗಾಕಾರ, ಎರಡು ಓರೆಗೆರೆಗೆ ಪೂರ್ಣಾಂಕದ ಭಾಗಲಬ್ಧ. ಎರಡು ಓರೆಗೆರೆಯ ಚಿಹ್ನೆಯು ಅದೇ ವರ್ಷದ ಡಿಸೆಂಬರಿನಲ್ಲಿ ಬಂದಿತು. ಆದರೆ ಆಗಲೇ ಬರೆದಿಟ್ಟಿದ್ದ ಪ್ರೋಗ್ರಾಮುಗಳು ಕೆಡಬಾರದೆಂದು ಒಂದು ಓರೆಗೆರೆಯ ಅರ್ಥವು ಎಲ್ಲರಿಗೂ ಬದಲಾಗಲು ೨೦೦೮ರ ಡಿಸೆಂಬರಿನ ಮೂರನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಪ್ಯಾರಿಸ್ಸಿನ ಸಮಿತಿಯು ೧೯೬೦ರಲ್ಲಿ ಎರಡು ಚಿಹ್ನೆಗಳಿಂದ ಮಾಡಿದ್ದ ಏರ್ಪಾಡಿಗೆ ಹಿಂದಿರುಗಲು ೪೮ ವರ್ಷಗಳು ಹಿಡಿದವು. ಅದೇ ಮೂರನೆಯ ಆವೃತ್ತಿಯಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಹಿಂದೆ ‘ಇನ್‌ಪುಟ್’ ಎಂಬ ಕಾರ್ಯವು ಒತ್ತಿದುದನ್ನು ಪೈಥಾನ್‌ನ ಮಾತೆಂದೇ ತಿಳಿದು ಬೆಲೆಕಟ್ಟುತ್ತಿತ್ತು. ೫ ಒತ್ತಿದರೆ ಸಂಖ್ಯೆಯಾದ ೫. ಅನುಕೂಲವೇನೋ ಸರಿ, ಆದರೆ ಒತ್ತುವವನು ಯಾವ ಆದೇಶವನ್ನು ಬೇಕಾದರೂ ನಡೆಸಿಬಿಡಬಹುದಾಗಿತ್ತು. ಮೂರನೆಯ ಆವೃತ್ತಿಯಲ್ಲಿ ಒತ್ತಿದುದೆಲ್ಲವೂ ಸ್ಟ್ರಿಂಗ್, ಎಂದರೆ ಅಕ್ಷರಗಳ ಸಾಲು. ಎರಡು ಸಾಲುಗಳನ್ನು ಕೂಡಿಸುವುದೆಂದರೆ ಜೋಡಿಸುವುದು. ನಮ್ಮ ವಿದ್ಯಾರ್ಥಿಗೆ ೫೭ ಬಂದುದು ಹೀಗೆ. ಭಾಗಾಕಾರದಲ್ಲಿ ಆತನ ಪರವಾಗಿ ನಿಂತ ಸುಧಾರಣೆಯೇ ಸಂಕಲನದಲ್ಲಿ ಆತನನ್ನು ಎಡವಿಸುತ್ತದೆ. ಸಂಖ್ಯೆಗೆ ಸ್ಟ್ರಿಂಗನ್ನು ಕೂಡಿಸಹೋದರೆ ಪೈಥಾನ್ ಒಪ್ಪದೆ ನಿಂತುಬಿಡುತ್ತದೆ. ೧೯೯೫ರ ಜಾವಾಸ್ಕ್ರಿಪ್ಟ್ ಮಾತ್ರ ಪಿಎಲ್/ಒಂದರ ಉದಾರ ಪರಂಪರೆಯನ್ನು ಮುಂದುವರಿಸಿತು: ಅಕ್ಷರವಾದ ೫ಕ್ಕೆ ೩ನ್ನು ಕೂಡಿಸಿದರೆ ೫೩, ಕಳೆದರೆ ೨.

ಕೊನೆಯದಾಗಿ ಕನ್ನಡ ಅಂಕಿಗಳ ವಿಚಾರ. ೧೯೯೧ರ ಯೂನಿಕೋಡ್ ಸಂಕೇತಾವಳಿಯಲ್ಲಿ ಭಾರತೀಯ ಲಿಪಿಗಳನ್ನು ೧೯೮೮ರ ಇಸ್ಕಿ ಸಂಕೇತದ ಕ್ರಮದಲ್ಲಿ, ಒಂದೊಂದು ಲಿಪಿಗೂ ಒಂದೊಂದು ವಿಭಾಗದಂತೆ ಇರಿಸಲಾಯಿತು. ದೇವನಾಗರಿ, ತೆಲುಗು, ಕನ್ನಡ ಇವುಗಳ ಸೊನ್ನೆಗಳು ತಮ್ಮತಮ್ಮ ವಿಭಾಗದ ಮೊದಲಿನಿಂದ ಒಂದೇ ದೂರದಲ್ಲಿವೆ. ಕನ್ನಡದ ಸೊನ್ನೆಯ ಸ್ಥಾನ ೩೩೦೨, ಐದರದು ೩೩೦೭. ಸಿ ಭಾಷೆಯಲ್ಲಿ ಕಲಿತ ಉಪಾಯದಂತೆ ೪೮ನ್ನು ಕಳೆದರೆ ಐದರ ಬೆಲೆ ೩೨೫೯ ಎಂದು ಬರುತ್ತದೆ. ಕನ್ನಡದ ಸೊನ್ನೆಯನ್ನೇ ಕಳೆದರೆ ೫. ಜಾವಾಸ್ಕ್ರಿಪ್ಟಿನ ಪರಿವರ್ತನೆಯ ಕಾರ್ಯವು ಕನ್ನಡ ಅಂಕಿಯನ್ನು ಸಂಖ್ಯೆಯೇ ಅಲ್ಲವೆಂದು ತಳ್ಳಿಹಾಕುತ್ತದೆ. ಪೈಥಾನ್ ಹಾಗಲ್ಲ. ಯೂನಿಕೋಡಿನಲ್ಲಿ ದಶಮಾನದ ಅಂಕಿಯೆಂದು ಗುರುತಾದ ಯಾವ ಲಿಪಿಯ ಅಂಕಿಯನ್ನಾದರೂ ಅದರ ‘ಇಂಟ್’ ಸ್ವೀಕರಿಸುತ್ತದೆ. ನಮ್ಮ ಪ್ರಯೋಗಶಾಲೆಯ ವಿದ್ಯಾರ್ಥಿಯು ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿಕೊಂಡು ೫ ಮತ್ತು ೭ ಎಂದು ಒತ್ತಿ, ಎರಡನ್ನೂ ‘ಇಂಟ್’ ಮೂಲಕ ತಿರುಗಿಸಿ ಕೂಡಿಸಿದರೆ ಹನ್ನೆರಡು ಬರುತ್ತದೆ. ಬಂದುದು ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿ. ಏಕೆಂದರೆ ಸಂಖ್ಯೆಯಿಂದ ಅಕ್ಷರಕ್ಕೆ ಹಿಂದಿರುಗುವ ‘ಎಸ್‌ಟಿಆರ್’ ಎಂಬ ಕಾರ್ಯಕ್ಕೆ ತಿಳಿದಿರುವುದು ೪೮ರಿಂದ ಆರಂಭವಾಗುವ ಆ ಹತ್ತು ಅಂಕಿಗಳು ಮಾತ್ರ. ಕನ್ನಡದಲ್ಲಿಯೇ ಉತ್ತರ ಬೇಕೆಂದರೆ ಒಂದೊಂದು ಅಂಕಿಗೂ ೩೩೦೨ನ್ನು ಕೂಡಿಸುವ ಸಾಲನ್ನು ಆತನೇ ಬರೆದುಕೊಳ್ಳಬೇಕು.